ಬೀಳದಂತೆ ನಡೆಯುವ ಅಭ್ಯಾಸ: ಪರದೆಯಲ್ಲಿ ಎಷ್ಟು, ಎದುರಿನಲ್ಲಿ ಎಷ್ಟು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನಲ್ಲಿಗೆ ಬರುವ ಹಿರಿಯರಲ್ಲಿ ಕರಾವಳಿಯಿಂದ ಬಂದು ನೆಲೆಸಿದ ಕನ್ನಡಿಗರು ಬಹಳ ಮಂದಿ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳು ಮತ್ತು ಮಳೆಗಾಲದ ಜಾರುವ ರಸ್ತೆಗಳು ಇವರನ್ನು ಮನೆಯಲ್ಲೇ ಕೂರಿಸುವುದರಿಂದ, ಬೀಳುವುದನ್ನು ತಡೆಯುವ ವ್ಯಾಯಾಮದ ಬಹುಪಾಲನ್ನು ನಾನು ಈಗ ವಿಡಿಯೋ ಕರೆಯಲ್ಲಿಯೇ ಮಾಡಿಸುತ್ತೇನೆ. ಆದರೆ ಮೊದಲ ಪರೀಕ್ಷೆಯನ್ನು ಮಾತ್ರ ಅವರ ಮನೆಗೇ ಹೋಗಿ ಮಾಡುತ್ತೇನೆ.

ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಲೆಕ್ಕ. ಸಮಯವನ್ನು ಮಗನೋ ಸೊಸೆಯೋ ಅಳೆಯಬಲ್ಲರು. ತಿರುಗುವಾಗ ಕೈ ಗೋಡೆಯನ್ನು ಹುಡುಕುತ್ತದೆಯೇ ಎಂಬುದನ್ನು ಪಕ್ಕದಲ್ಲಿ ನಿಂತೇ ನೋಡಬೇಕು. ಬಚ್ಚಲಿನ ಎತ್ತರದ ಹೊಸ್ತಿಲು, ಸವೆದ ಚಪ್ಪಲಿ, ತಲೆದಿಂಬಿನ ಬಳಿಯ ನಿದ್ರೆಮಾತ್ರೆ, ಮಲಗಿ ಎದ್ದೊಡನೆ ಇಳಿಯುವ ರಕ್ತದೊತ್ತಡ, ಇವೆಲ್ಲ ತಿಳಿಯುವುದು ಮನೆಗೆ ಹೋದಾಗಲೇ.

ನಾನು ಅನುಸರಿಸುವುದು ನ್ಯೂಜಿಲೆಂಡಿನ ಒಟಾಗೊ ಕ್ರಮವನ್ನು. ಕಾಲಿನ ಬಲ, ಸಮತೋಲನ ಮತ್ತು ನಡಿಗೆ ಸೇರಿದ ಈ ಕ್ರಮವನ್ನು ಮನೆಯಲ್ಲಿ ಮಾಡಲೆಂದೇ ರೂಪಿಸಿರುವುದರಿಂದ ಪರದೆಗೂ ಒಗ್ಗುತ್ತದೆ. ಆಸರೆಗೆ ಅಡುಗೆಕಟ್ಟೆಯ ಗ್ರಾನೈಟ್ ಅಂಚು ಒಳ್ಳೆಯದು. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಫೋನನ್ನು ದೂರದ ಮಣೆಯ ಮೇಲೆ ಓರೆಯಾಗಿ ಇರಿಸಬೇಕು. "ಅಮ್ಮಾ, ಮುಖ ಚೆನ್ನಾಗಿ ಕಾಣ್ತದೆ, ನನಗೆ ಪಾದ ಕಾಣಬೇಕು" ಎಂದು ನಾನು ದಿನವೂ ಹೇಳುವುದುಂಟು.

ತೊಡಕಿರುವುದು ಸಮತೋಲನದಲ್ಲಿ. ಆಸರೆಯನ್ನು ಹಂತಹಂತವಾಗಿ ಬಿಡಿಸಿ, ದೇಹ ತುಸು ತೂಗಾಡುವಂತೆ ಮಾಡದಿದ್ದರೆ ಈ ಅಭ್ಯಾಸದಿಂದ ಹೆಚ್ಚು ಫಲವಿಲ್ಲ. ತೂಗಾಡಿದವರನ್ನು ಪರದೆಯಾಚೆಯಿಂದ ಹಿಡಿಯಲಾಗದು. ಹಾಗಾಗಿ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಕೈಬಿಟ್ಟು ನಿಲ್ಲುವಂಥ ಹೊಸ ಹಂತಗಳನ್ನು ಎದುರಿಗೇ ಕಲಿಸಿ, ಕಲಿತದ್ದನ್ನು ಉಳಿಸಿಕೊಳ್ಳುವ ಅಭ್ಯಾಸವನ್ನಷ್ಟೇ ಪರದೆಗೆ ಬಿಡುತ್ತೇನೆ.

ಆಸ್ಟ್ರೇಲಿಯಾದಲ್ಲಿ 70 ದಾಟಿದವರಿಗೆ ಟ್ಯಾಬ್ಲೆಟ್ ಮೂಲಕ ಸಮತೋಲನದ ಅಭ್ಯಾಸ ಕೊಟ್ಟ 'ಸ್ಟ್ಯಾಂಡಿಂಗ್‌ಟಾಲ್' ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಈ ಅಭ್ಯಾಸವಿಲ್ಲದವರಿಗೆ ಹೋಲಿಸಿದರೆ ಮೊದಲ ವರ್ಷದಲ್ಲಿ ಬೀಳುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷಗಳ ಲೆಕ್ಕದಲ್ಲಿ ಬೀಳುವ ಪ್ರಮಾಣ ಶೇ. 16ರಷ್ಟು ಕಡಿಮೆಯಾಗಿತ್ತು. ತಿಂಗಳೊಳಗೆ ಗುಣ ಕೇಳುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ಅಷ್ಟು ಕಾಲ ಬಿಡದೆ ಮಾಡಿಸುವುದರಲ್ಲಿ, ನನ್ನ ಅಂದಾಜಿನಂತೆ, ವಸತಿ ಸೊಸೈಟಿಯ ಸಭಾಂಗಣದಲ್ಲಿ ನಡೆಯುವ ಗುಂಪು ತರಗತಿಯೇ ಮುಂದು. ತರಗತಿಯ ನಂತರದ ಚಹಾ ಮತ್ತು ಹರಟೆಗಾದರೂ ಜನ ಬರುತ್ತಾರೆ.

ಮರೆವಿನ ಕಾಯಿಲೆಯುಳ್ಳವರನ್ನೂ ಎದ್ದರೆ ತಲೆ ತಿರುಗುವವರನ್ನೂ ನಾನು ಪರದೆಯ ಮೇಲೆ ತೆಗೆದುಕೊಳ್ಳುವುದಿಲ್ಲ. ಉಳಿದವರಿಗೂ, ಮನೆಯಲ್ಲಿ ಇನ್ನೊಬ್ಬರಿಲ್ಲದ ದಿನ, ಕುಳಿತು ಮಾಡುವ ವ್ಯಾಯಾಮ ಮಾತ್ರ.