ಮಂಗನ ಕಾಯಿಲೆಯ ಕಾಡಿನಲ್ಲಿ ಪಿಎಚ್‌ಡಿ: ತಯಾರಿ ಹೇಗೆ?

ರೋಗ ಪರಿಸರ ವಿಜ್ಞಾನದಲ್ಲಿ (ರೋಗಾಣು, ಅದನ್ನು ಹರಡುವ ಜೀವಿ, ಕಾಡು, ಜನ ಇವುಗಳ ನಂಟಿನ ಅಧ್ಯಯನ) ಪಿಎಚ್‌ಡಿ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಸಂಸ್ಥೆಯ ಹೆಸರು ಹುಡುಕುತ್ತಾರೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೈಯಲ್ಲಿರಲಿ. ಸಂಸ್ಥೆ, ಗೈಡ್, ಪರೀಕ್ಷೆ ಎಲ್ಲವನ್ನೂ ಅದೇ ಆರಿಸಿಕೊಡುತ್ತದೆ.

ಮಂಗನ ಕಾಯಿಲೆ ಎಂದೇ ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಪತ್ತೆಯಾದ ಈ ವೈರಸ್ಸನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ದೊಡ್ಡ ಉಣುಗುಗಳಿಗೆ ದನದಂಥ ದೊಡ್ಡ ಪ್ರಾಣಿಗಳ ರಕ್ತ ಬೇಕು. ಮರಿಗಳು ಇಲಿ, ಹಕ್ಕಿ, ಮಂಗ, ಮುಸಿಯಗಳ ಮೈಗೆ ಹತ್ತುತ್ತವೆ, ಸಿಕ್ಕರೆ ಮನುಷ್ಯರನ್ನೂ ಬಿಡುವುದಿಲ್ಲ. ‘ಮಂಗನ ಕಾಯಿಲೆಯ ಒಂದು ಅಧ್ಯಯನ’ ಎಂಬುದು ಪ್ರಶ್ನೆಯಲ್ಲ. ‘ಅಡಿಕೆ ತೋಟದ ಅಂಚು, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ದಟ್ಟ ಕಾಡು ಈ ಮೂರರಲ್ಲಿ ಮರಿ ಉಣುಗುಗಳ ಸಂಖ್ಯೆ ಡಿಸೆಂಬರ್‌ನಿಂದ ಮೇವರೆಗೆ ಹೇಗೆ ಏರಿಳಿಯುತ್ತದೆ?’ ಎಂದರೆ ಅದು ಪ್ರಶ್ನೆ. ಇದಕ್ಕೆ ಕೀಟ-ಉಣುಗು ಬಲ್ಲ ಗೈಡ್ ಬೇಕು. ಮುಂದಿನ ವರ್ಷ ಎಲ್ಲಿ ಕಾಯಿಲೆ ಬಂದೀತು ಎಂಬ ನಕ್ಷೆ ಮಾಡಬೇಕೆಂದರೆ ಗಣಿತದ ಮಾದರಿ ಕಟ್ಟುವವರು ಬೇಕು.

ಗೈಡ್‌ಗೆ ಪತ್ರ

ಅವರ ಇತ್ತೀಚಿನ ಮೂರು ಪ್ರಬಂಧಗಳನ್ನಾದರೂ ಓದಿ, ಹತ್ತು ಸಾಲಿನೊಳಗೆ ಮೇಲ್ ಬರೆಯಿರಿ: ನಿಮ್ಮ ಪ್ರಶ್ನೆ, ಅವರ ಯಾವ ಕೆಲಸದಿಂದ ಅದು ಹೊಳೆಯಿತು, ನಿಮಗೆ ಏನು ಬರುತ್ತದೆ, ಮುಂದಿನ ವರ್ಷ ಜಾಗ ಇದೆಯೇ. ಒಂದೇ ಪತ್ರವನ್ನು ನಲವತ್ತು ಜನರಿಗೆ ಕಳಿಸಿದ್ದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಅದಕ್ಕೆ ಉತ್ತರವೂ ಬರುವುದಿಲ್ಲ. ಎರಡು ವಾರ ಕಾದು ಒಮ್ಮೆ ನೆನಪಿಸಿ, ಸಾಕು.

ಬೆಂಗಳೂರಿನಲ್ಲೇ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್, ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಜಾನುವಾರು ರೋಗಗಳಿಗೆಂದೇ ಇರುವ ಯಲಹಂಕದ ನಿವೇದಿ ಇವೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಸೊಳ್ಳೆ-ಉಣುಗುಗಳ ಕೆಲಸಕ್ಕೆ ಪುದುಚೇರಿಯ ವಿಸಿಆರ್‌ಸಿ ಕೂಡ ಪಟ್ಟಿಯಲ್ಲಿರಲಿ.

ಇನ್ನು ಪರೀಕ್ಷೆಗಳು. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆ 200 ಅಂಕಗಳದ್ದು. ಪಠ್ಯದ 13 ಘಟಕಗಳಲ್ಲಿ 10 ಮತ್ತು 11 ಪರಿಸರ, ವಿಕಾಸಕ್ಕೆ ಸಂಬಂಧಿಸಿದವು. ಸಂಖ್ಯಾಶಾಸ್ತ್ರ 13ರಲ್ಲಿದೆ. ಜೀವಕೋಶ, ಅಣುಜೀವಶಾಸ್ತ್ರದ ಬೆನ್ನುಹತ್ತಿ ಈ ಮೂರನ್ನು ಬಿಟ್ಟವರೇ ಹೆಚ್ಚು. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಶಿಷ್ಯವೇತನ) ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಸಂಶೋಧಕ) ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಗೇಟ್ ಪರೀಕ್ಷೆಯಲ್ಲಿ ‘ಪರಿಸರ ಮತ್ತು ವಿಕಾಸ’ಕ್ಕೇ ಪ್ರತ್ಯೇಕ ಪತ್ರಿಕೆ ಇದೆ. ಹೊರದೇಶವಾದರೆ ಈ ವಿಷಯಕ್ಕೆಂದೇ ಕೇಂದ್ರಗಳಿರುವ ಜಾರ್ಜಿಯಾ ವಿಶ್ವವಿದ್ಯಾಲಯ, ಪೆನ್ ಸ್ಟೇಟ್ ನೋಡಬಹುದು. ಅಲ್ಲಿನ ಅರ್ಜಿಗಳು ಬಹುತೇಕ ಡಿಸೆಂಬರ್ ಆಸುಪಾಸಿನಲ್ಲಿ ಮುಗಿಯುತ್ತವೆ. ಹಾಗಾಗಿ ಪ್ರಾಧ್ಯಾಪಕರಿಗೆ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಬರೆದಿರಬೇಕು.

ಒಂದು ಋತು ಕಾಡಿನಲ್ಲಿ

ಸಾಧ್ಯವಾದರೆ ಸಂದರ್ಶನಕ್ಕೆ ಮೊದಲು ಯಾವುದಾದರೂ ಯೋಜನೆಯಲ್ಲಿ ಸಹಾಯಕರಾಗಿ ಒಂದು ಋತು ದುಡಿಯಿರಿ. ಉಣುಗು ಹಿಡಿಯುವುದು ಕೇಳಲು ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಬಿಳಿ ಫ್ಲ್ಯಾನೆಲ್ ಬಟ್ಟೆ, ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ನಿಧಾನವಾಗಿ ಎಳೆಯುತ್ತ ಪ್ರತಿ 10 ಮೀಟರಿಗೆ ನಿಂತು, ಬಟ್ಟೆಯ ಎರಡೂ ಬದಿ ನೋಡಿ, ಚಿಮುಟದಿಂದ ಒಂದೊಂದೇ ಎತ್ತಿ ಸೀಸೆಗೆ ಹಾಕಬೇಕು. ಬೆಳಗಿನ ಇಬ್ಬನಿ ಆರುವ ಮೊದಲೇ ಹೊರಟರೆ ಬಟ್ಟೆ ಒದ್ದೆಯಾಗಿ ಉಣುಗು ಹತ್ತುವುದಿಲ್ಲ. ಕೈಗೆ ಉಣುಗು ಓಡಿಸುವ ಡೆಪಾ ಎಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ಬಟ್ಟೆ ಮುಟ್ಟಿದರೂ ಲೆಕ್ಕ ಕೆಡುತ್ತದೆ. ಎಣ್ಣೆ ಕಾಲಿಗಿರಲಿ, ಪ್ಯಾಂಟಿನ ತುದಿ ಕಾಲುಚೀಲದ ಒಳಗಿರಲಿ.

ಒಂದೂ ಸಿಗದ ಸಾಲಿಗೆ ‘0’ ಎಂದು ಬರೆಯಲೇಬೇಕು. ಸೊನ್ನೆ ಬರೆಯದವರ ದತ್ತಾಂಶದಲ್ಲಿ ಇಡೀ ಮಲೆನಾಡು ಉಣುಗಿನಿಂದ ತುಂಬಿರುತ್ತದೆ! ಒಂದೇ ಜಾಗದಲ್ಲಿ ಹತ್ತು ಸಲ ಬಟ್ಟೆ ಎಳೆದರೆ ಹತ್ತು ಜಾಗ ನೋಡಿದಂತಾಗುವುದಿಲ್ಲ ಎಂಬುದೂ ಗೊತ್ತಿರಲಿ. ವಿಮರ್ಶಕರು ಪ್ರಬಂಧಗಳನ್ನು ತಿರಸ್ಕರಿಸುವುದು ಹೆಚ್ಚಾಗಿ ಇಲ್ಲಿಯೇ. ಉಣುಗಿನ ಎಣಿಕೆಯಲ್ಲಿ ಸೊನ್ನೆಗಳೇ ಜಾಸ್ತಿ, ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ರಾಶಿ. ಸರಾಸರಿ ತೆಗೆದರೆ ಏನೂ ಹೇಳಿದಂತಾಗದು. ಇಂಥ ಎಣಿಕೆಗೆ ಹೊಂದುವ ನೆಗೆಟಿವ್ ಬೈನಾಮಿಯಲ್ ಎಂಬ ಸಂಖ್ಯಾಶಾಸ್ತ್ರದ ಮಾದರಿಯನ್ನು ‘ಆರ್’ ತಂತ್ರಾಂಶದಲ್ಲಿ ಹಾಕಲು ಮೊದಲೇ ಕಲಿಯಿರಿ.

ಜಾತಿ ಗುರುತಿಸಲು ಮಾತ್ರವಾದರೆ ಶೇ 70ರ ಆಲ್ಕೋಹಾಲ್ ಸಾಕು. ಎಲ್ಲವನ್ನೂ ಅದರಲ್ಲೇ ಮುಳುಗಿಸಿದರೆ ಆಮೇಲೆ ಜೀವಂತ ವೈರಸ್ ಬೇರ್ಪಡಿಸಲಾಗದು. ವೈರಸ್ಸಿಗಾಗಿ ಹುಡುಕುವುದಿದ್ದರೆ ಮಾದರಿ ಕಾಡಿನಿಂದ ಮೈನಸ್ 80 ಡಿಗ್ರಿಯ ಫ್ರೀಜರ್‌ವರೆಗೆ ತಂಪು ತಪ್ಪದೆ ಹೋಗಬೇಕು. ಜೀವಂತ ವೈರಸ್ಸಿನ ಕೆಲಸ ಅತ್ಯುನ್ನತ ಜೈವಿಕ ಸುರಕ್ಷತೆಯ, ಪುಣೆಯ ಬಿಎಸ್‌ಎಲ್-4ನಂಥ ಭದ್ರ ಪ್ರಯೋಗಾಲಯಗಳದ್ದು, ಕಾಲೇಜಿನ ಲ್ಯಾಬಿನದ್ದಲ್ಲ. ಆ ಸಹಯೋಗ ಯಾರೊಂದಿಗೆ ಎಂಬುದನ್ನು ಪ್ರಸ್ತಾವದಲ್ಲೇ ಬರೆದಿರಿ.

ಅನುಮತಿ ಮಳೆಗಾಲದಲ್ಲೇ

ಕಾಡಿನ ಕೆಲಸಕ್ಕೆ ಅರಣ್ಯ ಇಲಾಖೆಯ ಅನುಮತಿ, ಇಲಿ ಹಿಡಿಯುವುದಿದ್ದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯದ್ದು, ಜನರನ್ನು ಮಾತನಾಡಿಸಲು ಅಥವಾ ರಕ್ತ ಪಡೆಯಲು ಮಾನವ ನೈತಿಕ ಸಮಿತಿಯದ್ದು ಬೇಕು. ಮರಿ ಉಣುಗುಗಳ ಕಾಲ ನವೆಂಬರ್-ಡಿಸೆಂಬರ್‌ಗೆ ಶುರು. ಅನುಮತಿ ಪತ್ರ ಮಾರ್ಚ್‌ನಲ್ಲಿ ಕೈಸೇರಿದರೆ ಆ ವರ್ಷ ಹೋದಂತೆಯೇ. ಆದ್ದರಿಂದ ಅರ್ಜಿ ಜೂನ್‌ನಲ್ಲೇ ಹೋಗಲಿ.

ಕೊನೆಗೆ, ರೋಗಿಗಳ ಪಟ್ಟಿ. ಅದರಲ್ಲಿರುವುದು ಸಾಮಾನ್ಯವಾಗಿ ಮನೆಯ ವಿಳಾಸ. ಉಣುಗು ಕಚ್ಚಿದ್ದು ದರಕು ಗುಡಿಸಲು ಹೋದ ಬೆಟ್ಟದಲ್ಲೋ, ಕೂಲಿಗೆ ಹೋದ ಪಕ್ಕದೂರಿನ ತೋಟದಲ್ಲೋ ಇರಬಹುದು. ವಿಳಾಸವನ್ನೇ ನಕ್ಷೆಗೆ ಹಾಕಿದರೆ ಊರೇ ರೋಗದ ತಾಣವಾಗಿ ಕಾಣುತ್ತದೆ, ಕಾಡು ಮರೆಯಾಗುತ್ತದೆ. ಆಶಾ ಕಾರ್ಯಕರ್ತೆಯರ ಜೊತೆ ಮನೆಗೆ ಹೋಗಿ, ‘ಅಮ್ಮಾ, ಜ್ವರ ಬರುವ ಮುಂಚೆ ಒಂದು ವಾರ ಎಲ್ಲೆಲ್ಲಿ ಹೋಗಿದ್ರಿ?’ ಎಂದು ಕೇಳಿ, ಆ ಜಾಗಗಳ ಜಿಪಿಎಸ್ ಗುರುತನ್ನು ಬೇರೆಯೇ ಕಾಲಂನಲ್ಲಿ ಬರೆದುಕೊಳ್ಳಿ.