ಸಣ್ಣ ಊರಿನ ಬ್ಯಾಂಕಿನ ಚರಿತ್ರೆಯನ್ನು ಅದರ ನೋಟಿನಿಂದ ಹುಡುಕುವುದು ಹೇಗೆ

ಭಾರತದಲ್ಲಿ 1861ರ ಕಾಯ್ದೆ ನೋಟು ಹೊರಡಿಸುವ ಹಕ್ಕನ್ನು ಬ್ಯಾಂಕುಗಳಿಂದ ತೆಗೆದು ಸರ್ಕಾರದ ಕೈಗೆ ಕೊಟ್ಟಿತು. ಅಮೆರಿಕ ಹಿಡಿದ ದಾರಿ ಬೇರೆ. 1863ರಿಂದ 1935ರವರೆಗೆ ಅಲ್ಲಿನ ಸಣ್ಣ ಊರುಗಳ ಬ್ಯಾಂಕುಗಳೂ ತಮ್ಮ ಹೆಸರು ಮತ್ತು ಊರಿನ ಹೆಸರಿರುವ, ತಮ್ಮ ಅಧಿಕಾರಿಗಳು ಸಹಿ ಹಾಕಿದ ನೋಟುಗಳನ್ನು ಚಲಾವಣೆಗೆ ಬಿಟ್ಟವು. ನ್ಯಾಷನಲ್ ಬ್ಯಾಂಕ್ ನೋಟು ಎಂದರೆ ಇವೇ. ಇಂಥದ್ದೊಂದು ನೋಟು ಕೈಗೆ ಸಿಕ್ಕರೆ, ಅದರ ಹಿಂದಿನ ಬ್ಯಾಂಕಿನ ಕಥೆಯನ್ನು ಬಹುಮಟ್ಟಿಗೆ ಪೂರ್ತಿಯಾಗಿ ಕಟ್ಟಬಹುದು.

ಮೊದಲು ಚಾರ್ಟರ್ ಸಂಖ್ಯೆ, ಅಂದರೆ ಬ್ಯಾಂಕಿಗೆ ಸರ್ಕಾರ ಕೊಟ್ಟ ಪರವಾನಗಿಯ ಸಂಖ್ಯೆ ಹುಡುಕಿ. ಬ್ಯಾಂಕಿನ ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಸಾವಿರಾರು ಇದ್ದವು, ಒಂದೇ ಹೆಸರಿನ ಊರು ಹಲವು ರಾಜ್ಯಗಳಲ್ಲಿತ್ತು. ಬ್ಯಾಂಕು ಮುಳುಗಿ ಮತ್ತೆ ಎದ್ದಾಗ, ಮುಖ್ಯವಾಗಿ 1930ರ ದಶಕದಲ್ಲಿ, ‘ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್’ ಎಂಬುದು ‘ಫಸ್ಟ್ ನ್ಯಾಷನಲ್ ಬ್ಯಾಂಕ್ ಇನ್’ ಆಗುತ್ತಿತ್ತು. ಕಟ್ಟಡ ಅದೇ ಇದ್ದರೂ ಕಾನೂನಿನ ಕಣ್ಣಿಗೆ ಅದು ಹೊಸ ಚಾರ್ಟರಿನ ಬೇರೆ ಬ್ಯಾಂಕು. ನೋಟಿನ ಮೇಲೆ ಚಾರ್ಟರ್ ಸಂಖ್ಯೆ ಇರಲೇಬೇಕೆಂಬ ಕಾನೂನು ಬಂದದ್ದು 1874ರಲ್ಲಿ. ಅದಕ್ಕಿಂತ ಹಿಂದಿನ ಹಲವು ನೋಟುಗಳಲ್ಲಿ ಅದು ಇರುವುದಿಲ್ಲ. ಅಂಥಲ್ಲಿ ಪೂರ್ತಿ ಹೆಸರು, ಊರು, ರಾಜ್ಯ ಮೂರನ್ನೂ ಹಿಡಿದು ಹುಡುಕಬೇಕು.

ಮುಂದಿನ ಪ್ರಶ್ನೆ ನೋಟಿನ ವಯಸ್ಸು. ಹೆಚ್ಚಿನವರು ಎಡವುವುದು ಇಲ್ಲೇ. ನೋಟಿನ ಮುಖದ ಮೇಲೆ ಅಂದವಾದ ಅಕ್ಷರದಲ್ಲಿ ಒಂದು ತಾರೀಖು ಇರುತ್ತದೆ, ಅದು ಅಚ್ಚಾದ ದಿನವಲ್ಲ. ಸಾಮಾನ್ಯವಾಗಿ ಬ್ಯಾಂಕಿಗೆ ಚಾರ್ಟರ್ ಸಿಕ್ಕ ಅಥವಾ ಅದರ ಅವಧಿ ವಿಸ್ತರಣೆಯಾದ ಕಾಲದ್ದು. ಚಾರ್ಟರಿನ ಆಯುಸ್ಸು 20 ವರ್ಷ. ಅಷ್ಟೂ ಕಾಲ ಅದೇ ಅಚ್ಚಿನ ಫಲಕ ಬಳಕೆಯಲ್ಲಿರುತ್ತಿತ್ತು. ಹಾಗಾಗಿ 1905ರ ತಾರೀಖಿನ ನೋಟು 1922ರಲ್ಲಿ ಅಚ್ಚಾಗಿರಬಹುದು. ಸರ್ಕಾರದ ಪರವಾಗಿ ರಿಜಿಸ್ಟರ್ ಮತ್ತು ಟ್ರೆಷರರ್ ಎಂಬ ಖಜಾನೆ ಅಧಿಕಾರಿಗಳು ಹಾಕಿದ ಸಹಿಗಳೂ ಫಲಕದಲ್ಲೇ ಕೆತ್ತಿದವು. ಅವೂ ಫಲಕದ ಕಾಲವನ್ನಷ್ಟೇ ಹೇಳುತ್ತವೆ.

1902ರ ಮಾಲಿಕೆಯ, ಅಂದರೆ ಆ ವರ್ಷದ ವಿನ್ಯಾಸದ, ದೊಡ್ಡ ಗಾತ್ರದ ನೋಟಿನಲ್ಲಿ ನಿಜವಾದ ಕಾಲ ಹೇಳುವ ಗುರುತುಗಳು ಬೇರೆ. ಖಜಾನೆ ಮುದ್ರೆ ಕೆಂಪಿದ್ದರೆ 1908ಕ್ಕಿಂತ ಹಿಂದಿನದು, ನೀಲಿಯಾದರೆ ಆಮೇಲಿನದು. ಹಿಂಬದಿಯಲ್ಲಿ ‘1902–1908’ ಎಂದಿದ್ದರೆ ಅದು 1908ರ ತುರ್ತು ಹಣದ ಕಾಯ್ದೆಯ ಮಾದರಿ. ಚಾರ್ಟರ್ ಸಂಖ್ಯೆಯ ಪಕ್ಕದ ಒಂಟಿ ಅಕ್ಷರ ಪ್ರದೇಶವನ್ನು ಸೂಚಿಸುತ್ತದೆ (ಮಧ್ಯಪಶ್ಚಿಮಕ್ಕೆ ಎಂ, ದಕ್ಷಿಣಕ್ಕೆ ಎಸ್), ಅದು 1924ರವರೆಗೆ ಮಾತ್ರ ಇತ್ತು. ನೋಟಿನ ಮುಖದ ಮೇಲೆ ಎರಡು ಜಾಗದಲ್ಲಿರುವ ಕ್ರಮಸಂಖ್ಯೆಗಳನ್ನು ಹೋಲಿಸಿ. ಬೇರೆಬೇರೆ ಇದ್ದರೆ ಒಂದು ಖಜಾನೆಯದು, ಇನ್ನೊಂದು ಬ್ಯಾಂಕಿನದು. ಎರಡೂ ಒಂದೇ ಆದರೆ ಆ ನೋಟು 1925ರ ಆಗಸ್ಟ್ ನಂತರದ್ದು.

ಇವೆಲ್ಲಕ್ಕಿಂತ ಹತ್ತಿರದ ಕಾಲ ಹೇಳುವುದು ಬ್ಯಾಂಕಿನ ಅಧ್ಯಕ್ಷರ ಮತ್ತು ಕ್ಯಾಷಿಯರರ ಸಹಿ. ಈ ಕ್ಯಾಷಿಯರ್ ನಮ್ಮ ಬ್ಯಾಂಕುಗಳಲ್ಲಿ ಕೌಂಟರಿನ ಹಿಂದೆ ದುಡ್ಡು ಎಣಿಸುವವರಂತಲ್ಲ, ಬ್ಯಾಂಕಿನ ದಿನದಿನದ ಆಡಳಿತವೆಲ್ಲ ಅವರದೇ. ನೋಟುಗಳು ವಾಷಿಂಗ್ಟನ್ನಿನಿಂದ ಕತ್ತರಿಸದ ಹಾಳೆಗಳಾಗಿ ಬರುತ್ತಿದ್ದವು. ಇಬ್ಬರೂ ಪೆನ್ನಿನಲ್ಲಿ ಸಹಿ ಮಾಡಿ ಅಥವಾ ರಬ್ಬರ್ ಮೊಹರು ಒತ್ತಿ, ಹಾಳೆಯನ್ನು ಕತ್ತರಿಸಿ ಚಲಾವಣೆಗೆ ಬಿಡುತ್ತಿದ್ದರು. ನೋಟಿನ ಅಂಚು ಸೊಟ್ಟಗಿರಲು ಇದೇ ಕಾರಣ. ಅಧ್ಯಕ್ಷರ ಬದಲು ಉಪಾಧ್ಯಕ್ಷರು ಸಹಿ ಹಾಕಿದ್ದರೆ ಅಚ್ಚಾದ ಹುದ್ದೆಯ ಮುಂದೆ ಕೈಯಲ್ಲಿ ‘ವೈಸ್’ ಎಂದೋ ‘ವಿ’ ಎಂದೋ ಬರೆದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ.

ಸಹಿಯಲ್ಲಿನ ಹೆಸರುಗಳನ್ನು ಈ ಬ್ಯಾಂಕುಗಳ ಮೇಲ್ವಿಚಾರಣೆ ನೋಡುವ ಸರ್ಕಾರಿ ಅಧಿಕಾರಿ ಕಂಟ್ರೋಲರ್ ಆಫ್ ದಿ ಕರೆನ್ಸಿಯ ವಾರ್ಷಿಕ ವರದಿಗಳೊಂದಿಗೆ ತಾಳೆ ಹಾಕಿ. ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ‘ಫ್ರೇಸರ್’ ಎಂಬ ಅಂತರ್ಜಾಲ ಸಂಗ್ರಹದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಹಲವು ವರ್ಷಗಳ ವರದಿಗಳಲ್ಲಿ ಒಂದೊಂದು ಬ್ಯಾಂಕಿನ ಅಧ್ಯಕ್ಷ, ಕ್ಯಾಷಿಯರ್, ಬಂಡವಾಳ, ಚಲಾವಣೆಯ ಮೊತ್ತ ಎಲ್ಲವೂ ಇದೆ. ವರ್ಷಕ್ಕೊಂದು ಸಾಲಿನಂತೆ ಪಟ್ಟಿ ಮಾಡಿಕೊಂಡು ಹೋದರೆ, ನಿಮ್ಮ ನೋಟಿನ ಇಬ್ಬರೂ ಒಟ್ಟಿಗೆ ಅಧಿಕಾರದಲ್ಲಿದ್ದ ಕೆಲವೇ ವರ್ಷಗಳು ಉಳಿಯುತ್ತವೆ. ನೋಟು ಹೊರಬಿದ್ದ ಕಾಲ ಅದೇ.

ಊರಿನ ನೆನಪಿಗಿಂತ ಈ ವರದಿಯೇ ಗಟ್ಟಿ. ಮಿನ್ನೆಸೋಟದ ನಾರ್ತ್‌ಫೀಲ್ಡಿನ ಫಸ್ಟ್ ನ್ಯಾಷನಲ್ ಬ್ಯಾಂಕನ್ನೇ ನೋಡಿ. 1876ರ ಸೆಪ್ಟೆಂಬರ್ 7ರಂದು ಜೇಮ್ಸ್–ಯಂಗರ್ ದರೋಡೆಕೋರರ ತಂಡ ನುಗ್ಗಿದಾಗ ತಿಜೋರಿ ತೆರೆಯಲು ಒಪ್ಪದೆ ಪ್ರಾಣ ಬಿಟ್ಟ ಜೋಸೆಫ್ ಲೀ ಹೇವುಡ್ ಅವರನ್ನು ಹಲವು ಬರಹಗಳು ಕ್ಯಾಷಿಯರ್ ಎಂದೇ ಕರೆಯುತ್ತವೆ. ಅವರು ಬ್ಯಾಂಕಿನ ಲೆಕ್ಕ ಬರೆಯುವವರು, ಕ್ಯಾಷಿಯರ್ ಊರಲ್ಲಿಲ್ಲದ್ದರಿಂದ ಆ ಸ್ಥಾನ ನೋಡಿಕೊಳ್ಳುತ್ತಿದ್ದರು. ಅವರ ದಿಟ್ಟತನಕ್ಕೆ ಇದರಿಂದ ಕಿಂಚಿತ್ತೂ ಕುಂದಿಲ್ಲ. ನೋಟಿನ ಸಹಿ ಹುಡುಕುವವರಿಗೆ ಮಾತ್ರ ಈ ವ್ಯತ್ಯಾಸ ಬೇಕೇ ಬೇಕು. ಈ ಬ್ಯಾಂಕು ಶುರುವಾದದ್ದು 1872ರಲ್ಲಿ. ಚಾರ್ಟರ್ ವಿಸ್ತರಣೆಯಾದಾಗ ಬ್ಯಾಂಕು ಆಗಿನ ಹೊಸ ಮಾಲಿಕೆಗೆ ಬದಲಾಗುತ್ತಿತ್ತು, ಹಾಗಾಗಿ 20 ವರ್ಷದ ಲೆಕ್ಕ ಹಿಡಿದರೆ 1892ರ ಹೊತ್ತಿಗೆ 1882ರ ಮಾಲಿಕೆ, 1912ರ ಹೊತ್ತಿಗೆ 1902ರ ಮಾಲಿಕೆ ಬರಬೇಕು. ಯಾವ ಬ್ಯಾಂಕಿಗಾದರೂ ಈ ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳಿ.

ಈಗ ಹಣದ ಲೆಕ್ಕ. ನೋಟು ಬೇಕಾದರೆ ಬ್ಯಾಂಕು ಅಮೆರಿಕ ಸರ್ಕಾರದ ಬಾಂಡ್‌ಗಳನ್ನು ಖಜಾನೆಯಲ್ಲಿ ಅಡವಿಡಬೇಕಿತ್ತು. ಮೊದಲು ಬಾಂಡ್ ಮೌಲ್ಯದ 90%ರಷ್ಟು ನೋಟು ಸಿಗುತ್ತಿತ್ತು, 1900ರ ಮಾರ್ಚ್ 14ರ ಕಾಯ್ದೆಯ ನಂತರ ಮುಖಬೆಲೆಯ 100%. ಅದೇ ಕಾಯ್ದೆ 3,000 ಜನಸಂಖ್ಯೆಯೊಳಗಿನ ಊರುಗಳಿಗೆ ಬೇಕಾದ ಬಂಡವಾಳವನ್ನು 50,000 ಡಾಲರಿನಿಂದ 25,000ಕ್ಕೆ ಇಳಿಸಿತು. 1900ರ ನಂತರ ಹಳ್ಳಿಹಳ್ಳಿಗೂ ಬ್ಯಾಂಕು ಹುಟ್ಟಲು ಇದು ದೊಡ್ಡ ಕಾರಣ. ಇಂಥ ಬ್ಯಾಂಕು ಬಂಡವಾಳದ ಕಾಲುಭಾಗ, ಅಂದರೆ 6,250 ಡಾಲರಿನ ಬಾಂಡ್ ಇಟ್ಟರೆ ಸಾಕಿತ್ತು. 10-10-10-20ರ ನಾಲ್ಕು ನೋಟಿನ ಹಾಳೆ 50 ಡಾಲರಿನದು, ಹಾಗಾಗಿ ಒಮ್ಮೆಗೆ ಚಲಾವಣೆಯಲ್ಲಿದ್ದದ್ದು ಬರೀ 125 ಹಾಳೆ. ನಿಮ್ಮ ನೋಟಿನಲ್ಲಿ ಬ್ಯಾಂಕಿನ ಕ್ರಮಸಂಖ್ಯೆ 1240 ಇದ್ದರೆ, ಅದು ಹಾಳೆಯ ಎಣಿಕೆ, 50ರಿಂದ ಗುಣಿಸಿದಾಗ ಆ ಮಾದರಿಯಲ್ಲಿ ಅಷ್ಟರವರೆಗೆ ಅಚ್ಚಾದದ್ದು 62,000 ಡಾಲರ್ ಎಂದಾಯಿತು. ಇದು ಚಲಾವಣೆಯ ಮೊತ್ತಕ್ಕಿಂತ ಬಹಳ ಹೆಚ್ಚಾಗಿ ಕಂಡರೆ ಗಾಬರಿ ಬೇಡ, ಸವೆದ ನೋಟಿನ ಬದಲಿಗೆ ಹೊಸದು ಬರುತ್ತಲೇ ಇತ್ತು. ಮಾಲಿಕೆ ಬದಲಾದಾಗ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

1929ರ ಮಾಲಿಕೆಯ ಸಣ್ಣ ಗಾತ್ರದ ನೋಟುಗಳಲ್ಲಿ ಸಹಿಗಳೂ ಅಚ್ಚಿನವೇ. ಮೊದಲ ಬಗೆಯಲ್ಲಿ ಆರು ನೋಟಿನ ಹಾಳೆಗೆಲ್ಲ ಒಂದೇ ಸಂಖ್ಯೆ, ಎ ಇಂದ ಎಫ್‌ವರೆಗೆ ಮುನ್ನಕ್ಷರ ಬೇರೆ. 1933ರ ಎರಡನೆಯ ಬಗೆಯಲ್ಲಿ ನೋಟಿಗೊಂದು ಸಂಖ್ಯೆ, ಚಾರ್ಟರ್ ಸಂಖ್ಯೆ ಕಂದು ಶಾಯಿಯಲ್ಲಿ ಇನ್ನೆರಡು ಸಲ.

ಬಣ್ಣ ಹೋದ ಪೆನ್ನಿನ ಸಹಿ ಅತಿನೇರಳೆ ಟಾರ್ಚಿನಡಿ ಕೆಲವೊಮ್ಮೆ ಕಪ್ಪಾಗಿ ಎದ್ದು ಕಾಣುತ್ತದೆ. ಓದಲು ಆಗದಿದ್ದರೂ ಅದರ ಮೇಲೆ ತಿದ್ದಬೇಡಿ. ನೋಟನ್ನು ತೊಳೆಯುವುದು, ಇಸ್ತ್ರಿ ಮಾಡುವುದು, ಟೇಪ್ ಅಂಟಿಸುವುದು ಬೇಡವೇ ಬೇಡ. ಪಿವಿಸಿ ಲಕೋಟೆಯೂ ಕಾಗದವನ್ನು ಹಾಳುಮಾಡುತ್ತದೆ, ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಎರಡೂ ಬದಿಯ ಸ್ಕ್ಯಾನ್ ತೆಗೆದಿಟ್ಟುಕೊಂಡು, ಮುಂದಿನ ಹುಡುಕಾಟವನ್ನೆಲ್ಲ ಆ ಚಿತ್ರದ ಮೇಲೆಯೇ ಮಾಡಿ.