ಥೈರಾಯ್ಡ್ ಮಾತ್ರೆಯೂ ನಮ್ಮ ಮನೆಯ ಬೆಳಗಿನ ಕಾಫಿಯೂ

ಕಕ್ಕಡ ತಿಂಗಳ ಮಳೆಯಲ್ಲಿ ಮೈ ಜಡವಾದರೆ, ಚಳಿ ಬಿಡದಿದ್ದರೆ, ಹೊಟ್ಟೆ ಸರಿಯಾಗಿ ಹೋಗದಿದ್ದರೆ ಕೊಡಗಿನಲ್ಲಿ ಯಾರೂ ಅದನ್ನು ಕಾಯಿಲೆ ಅನ್ನುವುದಿಲ್ಲ. ನನ್ನ ಸುಸ್ತನ್ನೂ ಮನೆಯವರು ಮಳೆಯ ಲೆಕ್ಕಕ್ಕೇ ಹಾಕಿದರು. ಮಳೆ ಹೋಗಿ ಕೊಯ್ಲು ಶುರುವಾಯಿತು. ಕಾಫಿ ಒಣಗಿಸುವ ಕಣದಲ್ಲಿ ಸುಡು ಬಿಸಿಲಿದ್ದರೂ ನನಗೆ ಸ್ವೆಟರ್ ತೆಗೆಯಲಾಗುತ್ತಿರಲಿಲ್ಲ. ತಲೆ ಬಾಚಿದರೆ ಕೂದಲು ಉಂಡೆಯಾಗಿ ಬರುತ್ತಿತ್ತು. ಮಡಿಕೇರಿಗೆ ಹೋಗಿ ರಕ್ತ ಕೊಟ್ಟೆ. ಥೈರಾಯ್ಡ್ ಗ್ರಂಥಿ ಸೋತಾಗ ಅದನ್ನು ದುಡಿಸಲು ಏರುವ ಟಿಎಸ್‌ಎಚ್ ಹಾರ್ಮೋನು ನಾಲ್ಕರ ಆಸುಪಾಸಿನೊಳಗೆ ಇರಬೇಕಾದದ್ದು 18 ಇತ್ತು, ಗ್ರಂಥಿಯೇ ಕೊಡುವ ಟಿ4 ಹಾರ್ಮೋನು ಕಡಿಮೆ, ಗ್ರಂಥಿಯ ವಿರುದ್ಧ ದೇಹವೇ ಮಾಡಿಕೊಳ್ಳುವ ಟಿಪಿಒ ಪ್ರತಿಕಾಯ ಜಾಸ್ತಿ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುವ ಈ ಕಾಯಿಲೆಗೆ ಹಾಶಿಮೊಟೊ ಎನ್ನುತ್ತಾರೆ.

ಮಾತ್ರೆಯಿಲ್ಲದೆ ಪಥ್ಯದಲ್ಲೇ ವಾಸಿ ಮಾಡಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿದೆ. ಆಗುವುದಿಲ್ಲ, ಗ್ರಂಥಿ ಕೊಡದ ಹಾರ್ಮೋನನ್ನು ಯಾವ ಸೊಪ್ಪೂ ಕಷಾಯವೂ ಕೊಡುವುದಿಲ್ಲ ಎಂದರು. ಆದರೆ ನುಂಗಿದ ಮಾತ್ರೆ ಪೂರ್ತಿ ಮೈಗೆ ಹತ್ತುತ್ತದೋ ಇಲ್ಲವೋ ಎನ್ನುವುದು ನಿಮ್ಮ ಅಡುಗೆಮನೆಗೆ ಸೇರಿದ್ದು ಎಂದೂ ಹೇಳಿದರು. ನಾನು ಮಾಡಿದ್ದೆಲ್ಲ ಆ ಎರಡನೇ ಮಾತನ್ನು ಹಿಡಿದುಕೊಂಡೇ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಫಿ. ನಮ್ಮಲ್ಲಿ ಕಣ್ಣು ಬಿಟ್ಟ ಕೂಡಲೇ ಬೆಲ್ಲದ ಕಾಫಿ ಆಗಬೇಕು. ಆ ಹಾರ್ಮೋನಿನ ಬದಲಿಗೆ ಕೊಡುವ ಲಿವೊಥೈರಾಕ್ಸಿನ್ ಮಾತ್ರೆಗಾದರೋ ಖಾಲಿ ಹೊಟ್ಟೆ, ಬರೀ ನೀರು. ಕಾಫಿ ಜೊತೆಯಾದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ತಡೆಯಬೇಕು. ನಾನು ಒಂದು ಗಂಟೆಯನ್ನೇ ಇಟ್ಟುಕೊಂಡೆ. "ಕಾಫಿ ಕುಡಿಯದೆ ತೋಟಕ್ಕೆ ಇಳೀತೀಯಾ?" ಎಂದು ಅತ್ತೆಗೆ ಸಂಕಟ. ಆ ಒಂದು ಗಂಟೆಯನ್ನು ನಡಿಗೆಗೆ ಕೊಟ್ಟೆ: ಬೇಸಿಗೆಯಲ್ಲಿ ತೋಟದ ರಸ್ತೆಯಲ್ಲಿ, ಮಳೆಗಾಲದಲ್ಲಿ ಜಿಗಣೆಯ ಕಾಟಕ್ಕೆ ಜಗಲಿಯಲ್ಲೇ ಆಚೆ ಈಚೆ. ನಡೆದು ಬರುವಷ್ಟರಲ್ಲಿ ಅತ್ತೆ ಕಾಫಿ ಬಿಸಿ ಮಾಡಿ ಇಟ್ಟಿರುತ್ತಾರೆ, ಈಗ ಅವರೇ "ಮಾತ್ರೆ ಆಯ್ತಾ?" ಎಂದು ಕೇಳುತ್ತಾರೆ.

ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದರು. ಕಬ್ಬಿಣ, ಕ್ಯಾಲ್ಸಿಯಂ ಎರಡಕ್ಕೂ ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರ ಬೇಕು, ಹಾಗಾಗಿ ಅದು ರಾತ್ರಿಗೆ ಹೋಯಿತು. ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಈ ಮಾತ್ರೆಗೆ ತೇವ, ಬಿಸಿ, ಬೆಳಕು ಮೂರೂ ಆಗದು. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ಒಲೆಯ ಮೇಲಿನ ಗೂಡಿನಲ್ಲಿ ಇಡದೆ, ಬೇರೆ ಡಬ್ಬಿಗೆ ಸುರಿಯದೆ, ಬಂದ ಬಾಟಲಿಯಲ್ಲೇ ಮುಚ್ಚಳ ಬಿಗಿದು ಮಲಗುವ ಕೋಣೆಯಲ್ಲಿ ಇಡುತ್ತೇನೆ.

ಇನ್ನು ತಿನ್ನುವ ವಿಚಾರ. ಕೋಸು ಮುಟ್ಟಬೇಡ, ಮೂಲಂಗಿ ಬೇಡ, ಕಣಿಲೆಯಂತೂ (ಎಳೆ ಬಿದಿರು) ವಿಷ ಎಂದು ಹೇಳಿದವರಿಗೆ ಲೆಕ್ಕವಿಲ್ಲ. ಈ ಪದಾರ್ಥಗಳಲ್ಲಿ ಗ್ರಂಥಿ ಅಯೋಡಿನ್ ಹೀರುವುದನ್ನು ತಡೆಯುವ ಅಂಶ ಇರುವುದು ನಿಜ. ಬೇಯಿಸಿದರೆ ಅದು ಕಡಿಮೆಯಾಗುತ್ತದೆ. ಅಯೋಡಿನ್ ಸಾಕಷ್ಟು ಸಿಗುತ್ತಿದ್ದು ಮಾತ್ರೆಯೂ ನಡೆಯುತ್ತಿದ್ದರೆ ಹಿತಮಿತವಾಗಿ ತಿಂದದ್ದರಿಂದ ತೊಂದರೆಯಿಲ್ಲ. ಕಣಿಲೆಯನ್ನು ನಮ್ಮ ಹಿರಿಯರು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಬೇಯಿಸಿದ ನೀರನ್ನು ಚೆಲ್ಲಿಯೇ ಪಲ್ಯ ಮಾಡುತ್ತಿದ್ದದ್ದು. ಅದರಲ್ಲಿರುವ ಸಯನೈಡ್ ಅಂಶ ಹೋಗುವುದೇ ಹಾಗೆ, ಮೈಯೊಳಗೆ ಥೈರಾಯ್ಡಿಗೆ ಅಡ್ಡಿಯಾಗುವ ಥಯೋಸಯನೇಟ್ ಆಗುವುದು ಆ ಸಯನೈಡಿನಿಂದಲೇ. ಮಳೆಗಾಲದ ಕಣಿಲೆಯನ್ನು ನಾನು ಬಿಟ್ಟಿಲ್ಲ, ಹದವಾಗಿ ತಿನ್ನುತ್ತೇನೆ. ಕೋಸಿನ ಹಸಿ ರಸ ಕುಡಿಯುವ ಹೊಸ ಪದ್ಧತಿಯನ್ನು ಮಾತ್ರ ಹತ್ತಿರ ಸೇರಿಸಲಿಲ್ಲ.

ಉಪ್ಪು ಬದಲಾಯಿತು. ದೊಡ್ಡ ಮಳೆ ಬೀಳುವ ಗುಡ್ಡಗಾಡಿನ ಮಣ್ಣಿನಲ್ಲಿ ಅಯೋಡಿನ್ ತೊಳೆದುಹೋಗುತ್ತದೆ, ಅಂಥ ಮಣ್ಣಿನಲ್ಲಿ ಬೆಳೆದದ್ದರಲ್ಲೂ ಕಡಿಮೆ. ಅದಕ್ಕೇ 1962ರಲ್ಲಿ ಸರ್ಕಾರ ಗಳಗಂಡ ತಡೆಯುವ ಕಾರ್ಯಕ್ರಮ ಶುರು ಮಾಡಿ ಉಪ್ಪಿಗೆ ಅಯೋಡಿನ್ ಸೇರಿಸಿದ್ದು. ಆರೋಗ್ಯಕ್ಕೆ ಒಳ್ಳೆಯದೆಂದು ಮನೆಗೆ ಬಂದಿದ್ದ ಕೆಂಪು ಸೈಂಧವ ಲವಣ ಅಯೋಡಿನ್ ಸೇರಿಸಿದ್ದಾಗಿರಲಿಲ್ಲ, ಅದನ್ನು ನಿಲ್ಲಿಸಿದೆ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು. ಹಾಶಿಮೊಟೊ ಇದ್ದವರಿಗೆ ಅದು ಅತಿಯಾದರೂ ಕೆಡುಕೇ. ಕಡಲಕಳೆಯ ಮಾತ್ರೆ, ಅಯೋಡಿನ್ ಹನಿ ಇವೆಲ್ಲ ತರಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮುಚ್ಚಿಟ್ಟ ಅಯೋಡಿನ್ ಉಪ್ಪು, ಸಂತೆಗೆ ಬರುವ ಮತ್ತಿ ಮೀನು, ಮೊಟ್ಟೆ ಸಾಕು. ಮೀನು ಮೊಟ್ಟೆಯಲ್ಲಿ ಗ್ರಂಥಿಗೆ ಬೇಕಾದ ಸೆಲೆನಿಯಂ ಕೂಡ ಸಿಗುತ್ತದೆ.

ಮಾತ್ರೆ ಹದಕ್ಕೆ ಬಂದ ಮೇಲೆ ಮುಖದ ಊತ ಇಳಿಯಿತು, ತೂಕ ಸ್ವಲ್ಪ ಮಾತ್ರ ಇಳಿಯಿತು. ಥೈರಾಯ್ಡಿನಿಂದ ಏರುವ ತೂಕದಲ್ಲಿ ನೀರಿನ ಪಾಲೇ ಹೆಚ್ಚಂತೆ. ಉಳಿದದ್ದು ಅಕ್ಕಿಯದು: ಬೆಳಿಗ್ಗೆ ಒಟ್ಟಿ ಎನ್ನುವ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು ಎನ್ನುವ ಅಕ್ಕಿ ಕಡುಬು. ರಾತ್ರಿಯ ಅಕ್ಕಿ ಕಡಿಮೆ ಮಾಡಿ ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿದೆ. ಹೊಟ್ಟೆಯ ತೊಂದರೆ ಅದರಿಂದಲೇ ಹೋಯಿತು. ಹುತ್ತರಿಗೆ, ಕೈಲ್‌ಪೊಳ್ದುವಿಗೆ ಯಾವ ಪಥ್ಯವೂ ಇಲ್ಲ. ಹಬ್ಬದಲ್ಲಿ ಎಲೆಯ ಮುಂದೆ ಬೇಡ ಬೇಡ ಎನ್ನುತ್ತಾ ಕೂರುವುದು ನನ್ನಿಂದಾಗದು.

ಪ್ರಮಾಣ ಬದಲಿಸಿದಾಗ ಆರರಿಂದ ಎಂಟು ವಾರ ಬಿಟ್ಟೇ ಟಿಎಸ್‌ಎಚ್ ನೋಡಿಸುತ್ತೇನೆ, ಅದಕ್ಕೆ ಮೊದಲು ನೋಡಿದರೆ ನಿಜವಾದ ಮಟ್ಟ ಕಾಣುವುದಿಲ್ಲ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ದಿನ ನಿಲ್ಲಿಸಬೇಕು, ಇಲ್ಲದಿದ್ದರೆ ಅಂಕಿಯೇ ತಪ್ಪು ಬರಬಹುದು. ಮೈ ಹಗುರವಾಯಿತೆಂದು ಮಾತ್ರೆ ಬಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಹಗುರವಾದದ್ದೇ ಮಾತ್ರೆಯಿಂದ.

ಇದು ಕುಟುಂಬದಲ್ಲಿ ಬರುವ ಕಾಯಿಲೆಯಾದ್ದರಿಂದ ತಂಗಿಗೂ ಪರೀಕ್ಷೆ ಮಾಡಿಸಿದೆವು. ಅವಳಿಗೂ ಇದೆ, ಸದ್ಯ ಸ್ವಲ್ಪವೇ. ಮದುವೆಯಾಗಿ ವಿರಾಜಪೇಟೆ ಕಡೆ ಹೋದವಳಿಗೆ ಒಂದೇ ಮಾತು ಹೇಳಿ ಕಳಿಸಿದ್ದೇನೆ: ಮುಟ್ಟು ನಿಂತ ಕೂಡಲೇ, ಸಿಹಿ ಹಂಚುವುದಕ್ಕೂ ಮೊದಲು, ಡಾಕ್ಟರ ಹತ್ತಿರ ಹೋಗಿ ಟಿಎಸ್‌ಎಚ್ ನೋಡಿಸು. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಹಾರ್ಮೋನು ತಾಯಿಯಿಂದಲೇ ಹೋಗಬೇಕು, ಮಾತ್ರೆಯ ಪ್ರಮಾಣ ಆಗ ಏರಿಸಬೇಕಾಗುತ್ತದೆ.